ಸಂಬಳ ಬೇಡ, ಕೆಲಸ ಕೊಡಿ

"ಇದನ್ನ ಕಮಿಟಿಯವ್ರಿಗೆಲ್ಲ ಕೊಟ್ಬಿಡಿ!"

ಕಾಫಿ ಕೆಟಲ್ ಕೈಗೆ ಬಂದಾಗ ಶಾಂತಕುಮಾರಿಗೆ ಮೈಯೆಲ್ಲ ಉರಿದುಹೋಯಿತು.

ಅದು ಎಂಬತ್ತೊಂದನೇ ಇಸವಿ. ಕಾಫಿ ರೇಟು ಬಿದ್ದು ಎಸ್ಟೇಟಿನವರು ತಮ್ಮ ಆಸ್ಪತ್ರೆ ಮುಚ್ಚಿದ್ದರು. ಅಲ್ಲಿ ಆರು ವರ್ಷ ನರ್ಸ್ ಆಗಿದ್ದವಳು ಮನೆಯಲ್ಲಿ ಸುಮ್ಮನೆ ಕೂರಲಾರದೆ, ಗೋಣಿಬೀಡಿನ ಸೇವಾ ಸಂಘದ ಉಚಿತ ದವಾಖಾನೆಗೆ ಬಂದು, "ಸಂಬಳ ಬೇಡ, ಕೆಲಸ ಕೊಡಿ" ಎಂದಿದ್ದಳು. ಕಾರ್ಯದರ್ಶಿ ಷಡಕ್ಷರಿ ಕೊಟ್ಟ ಮೊದಲ ಕೆಲಸ ಇದು!

ಮರುವಾರ ಸಂಘದ ಸಮಾರಂಭಕ್ಕೆ ತೋರಣ ಕಟ್ಟಿಸಿದ. ಆಮೇಲೆ ಲಕೋಟೆ ಅಂಟಿಸಲು ಕೂರಿಸಿದ.

'ಇಂಜೆಕ್ಷನ್ ಕೊಡೋ ಕೈಗೆ ಗೋಂದು ಮೆತ್ತಿಸ್ತಾನಲ್ಲ... ಕಣ್ಣಿಲ್ವಾ ಈ ಮನುಷ್ಯನಿಗೆ?'

ಆದರೂ ಅವನು ರೋಗಿಗಳನ್ನು ಹೆಸರು ಹಿಡಿದು ಮಾತಾಡಿಸುವಾಗ ಅವಳ ಕಿವಿ ಅತ್ತಲೇ ಹೋಗುತ್ತಿತ್ತು. ಅದಕ್ಕೂ ಸಿಟ್ಟು!

ಒಂದು ದಿನ ತೋಟದ ಕೆಲಸದ ಮುದ್ದಮ್ಮ ಕೀವು ತುಂಬಿದ ಕಾಲು ಎಳೆದುಕೊಂಡು ಬಂದಳು. ಡಾಕ್ಟರು ಮೂಡಿಗೆರೆಯಿಂದ ಇನ್ನೂ ಬಂದಿರಲಿಲ್ಲ. ಶಾಂತಕುಮಾರಿ ಲಕೋಟೆಗಳನ್ನು ಬದಿಗೆ ತಳ್ಳಿ, ಗಾಯ ತೊಳೆದು ಬ್ಯಾಂಡೇಜು ಸುತ್ತಿದಳು.

"ಅಯ್ಯೋ, ನೀವ್ಯಾಕೆ ಇದನ್ನೆಲ್ಲ ಮಾಡೋಕೆ ಹೋದ್ರಿ?" ಷಡಕ್ಷರಿ ಓಡಿಬಂದ.

"ಮತ್ತೆಂತ ಮಾಡ್ಲಿ? ನಿಮ್ಗೆ ಬೇಕಾಗಿರೋದು ನರ್ಸ್ ಅಲ್ಲ ಮಾರಾಯ್ರೇ! ನಾಳೆಯಿಂದ ನಾನು ಬರಲ್ಲ!"

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟಳು.

ಮರುದಿನ ಬೆಳಿಗ್ಗೆ ಅವನು ಅವಳ ಮನೆ ಬಾಗಿಲಲ್ಲಿ ನಿಂತಿದ್ದ! ಅವಳ ತಾಯಿ ಗಿರಿಜಾಂಬಾ ಚಾಪೆ ಹಾಸಿ ಒಳಗೆ ಹೋದರು.

"ತಪ್ಪಾಯ್ತು. ಕಲಿತ ಕೆಲಸಾನ ಪುಗಸಟ್ಟೆ ಮಾಡಿಸ್ಕೊಳ್ಳೋಕೆ ನಾಚಿಕೆ ಆಗ್ತಿತ್ತು. ಅದ್ಕೇ ಹಗುರದ ಕೆಲಸ ಕೊಟ್ಟೆ..."

"ಹಗುರದ್ದಾ? ನನ್ನನ್ನೇ ಹಗುರ ಮಾಡಿದ್ರಿ! ಒಂದು ಮಾತು ನನ್ನ ಕೇಳೋಕೆ ಎಂತ ಆಗಿತ್ತು?"

"ಈಗ ಕೇಳ್ತಿದೀನಿ. ಎಂತ ಮಾಡ್ತೀರಿ, ಎಷ್ಟು ಹೊತ್ತು ಇರ್ತೀರಿ, ನೀವೇ ಹೇಳಿ."

"ಹತ್ತರಿಂದ ಒಂದರವರೆಗೆ. ಡ್ರೆಸ್ಸಿಂಗ್, ಇಂಜೆಕ್ಷನ್ ನನ್ನದು. ಲಕೋಟೆ ನೀವೇ ಅಂಟಿಸಿ."

"ಆಯ್ತು." ಆದರೆ ಅವನು ಏಳಲಿಲ್ಲ.

"ಇನ್ನೆಂತ?"

"ಒಂದು ಗಂಟೆಗೆ ನೀವು ಹೋದ್ಮೇಲೆ... ನಂಗೆ ಅಲ್ಲಿ ಕೂರೋಕೇ ಆಗಲ್ಲ."

"ಇದು ಸಂಘದ ಮಾತಾ, ನಿಮ್ಮ ಮಾತಾ?"

"ನಂದೇ."

"ಇಷ್ಟು ದಿನ ಗೋಳು ಹುಯ್ಕೊಂಡು ಈಗ ಹೇಳ್ತೀರಲ್ಲ! ನಿಮ್ಮನ್ನ ಕಟ್ಕೊಂಡು ಹೆಂಗೆ ಬಾಳೋದು!"

"ಕಟ್ಕೊಳ್ತೀರಾ ಹಾಗಾದ್ರೆ?"

ನಾಲಿಗೆ ಕಚ್ಚಿಕೊಂಡಳು. "ಅಮ್ಮನ್ನ ಕೇಳಿ..."

"ನಿಮ್ಮನ್ನ ಕೇಳ್ಲಿಲ್ಲ ಅಂತ ಈಗ ತಾನೇ ಬೈಸ್ಕೊಂಡೆನಲ್ಲ!"

ಎಷ್ಟು ಹಿಡಿದರೂ ನಗು ನಿಲ್ಲಲಿಲ್ಲ.

"ಹೂಂ..." ಎಂದಳು.