ಪಟ್ಟಿಯಲ್ಲಿ ಹದಿನಾಲ್ಕನೆಯವನು

ಐದು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಅವನು ಬಂದ. ನೀರಿನ ಟ್ಯಾಂಕಿನ ಮೋಟುಗೋಡೆಯ ಮೇಲೆ ಕೂತು, ಬಲಗೈಯನ್ನು ಜೇಬಿಗೆ ಇಳಿಬಿಟ್ಟು, ರಸ್ತೆ ನೋಡತೊಡಗಿದ. ಆಮೇಲೆ ಎಂದಿನಂತೆ ಮೆಟ್ಟಿಲ ಮೇಲೆ ಕೂತಿದ್ದ ಅವಳ ಕಡೆ ಒಮ್ಮೆ ಕಣ್ಣು ಹಾಯಿಸಿ, ನೋಡಿಯೇ ಇಲ್ಲವೆಂಬಂತೆ ಎದುರಿನ ಡ್ರೈಕ್ಲೀನಿಂಗ್ ಅಂಗಡಿಯ ಬೋರ್ಡು ಓದಿದ. ಆ ಬೋರ್ಡಿನಲ್ಲಿ ಇದ್ದದ್ದೇ ಎರಡು ಪದ. ಅದನ್ನು ಹನ್ನೆರಡು ದಿನದಿಂದ ಓದುತ್ತಿದ್ದಾನೆಂದರೆ ಒಂದೋ ಅಕ್ಷರ ಬಾರದವನು, ಇಲ್ಲವೇ ಮಹಾ ಕಳ್ಳ.

ಅವಳು ತೊಡೆಯ ಮೇಲಿನ ಪುಸ್ತಕದೊಳಗೆ ಅಡಗಿಸಿಟ್ಟ ಹಾಳೆಯಲ್ಲಿ ಹದಿನಾಲ್ಕನೆಯ ಸಾಲಿಗೆ ಗುರುತು ಹಾಕಿದಳು. ತುಟಿಯಂಚಿನ ನಗುವನ್ನು ಪುಸ್ತಕಕ್ಕೇ ಕೊಟ್ಟಳು.

ಅವಳ ಕೆಲಸ ಎಣಿಸುವುದು. ಊರುಗಳಲ್ಲಿ ನಾಲ್ಕು ಜನ ನೆಮ್ಮದಿಯಾಗಿ ಬಾಳುವಂತೆ ಮಾಡಬೇಕೆಂಬ ಹುಚ್ಚಿರುವ ಹನ್ನೆರಡು ಮಂದಿಯನ್ನು ಆರಿಸಿ, ತಲೆಗೊಂದು ಬಡಾವಣೆ ವಹಿಸಿ, ಒಂದು ವರ್ಷ ಪಳಗಿಸುವ ತರಬೇತಿ ಅದು. ಅವಳ ಪಾಲಿಗೆ ಬಂದದ್ದು ಮೂರು ರಸ್ತೆ ಕೂಡುವ ಕಡೆ ಇರುವ ತ್ರಿಕೋನದ ತುಂಡು ಜಾಗ. ಅಲ್ಲಿ ಕಾರು ನಿಲ್ಲುತ್ತವೆ. ಜನ ಕಾರುಗಳ ಸಂದಿಯಲ್ಲಿ, ಮೆಟ್ಟಿಲ ಮೇಲೆ, ಮೋಟುಗೋಡೆಯ ಮೇಲೆ ಹೇಗೋ ಮೈ ಮುದುಡಿ ಕೂರುತ್ತಾರೆ. ಕಾರು ತೆಗೆಸಿ, ಬೆಂಚು ಹಾಕಿಸಿ, ಎರಡು ಮರ ನೆಡಿಸಬೇಕು ಎಂಬುದು ಅವಳ ಆಸೆ.

ಆಸೆಗೊಂದು ನಿಯಮವಿತ್ತು. ವರ್ಷದ ಕೊನೆಗೆ ಮೂರು ವಾರ ಎಣಿಸಿದಾಗ, ವಾರಕ್ಕೆ ಮೂರು ದಿನವಾದರೂ ಅಲ್ಲಿ ಬಂದು ಕೂರುವ ಇಪ್ಪತ್ತು ಜನ ಸಿಗಬೇಕು. ಸಿಕ್ಕರೆ ಜಾಗ ಮಂಜೂರು, ಅದನ್ನು ನೋಡಿಕೊಳ್ಳಲು ಅವಳಿಗೆ ಎರಡು ವರ್ಷದ ಕೆಲಸ. ಸಿಗದಿದ್ದರೆ ಗಂಟುಮೂಟೆ ಕಟ್ಟಿ ಅಕ್ಕನ ಮನೆಗೆ.

ಇನ್ನೊಂದು ನಿಯಮವನ್ನು ತರಬೇತಿಯ ಹಿರಿಯಾಕೆ, ಎಲ್ಲರೂ ಟೀಚರ್ ಎಂದು ಕರೆಯುವ ನಿವೃತ್ತ ನಗರ ಯೋಜಕಿ, ಮೊದಲ ದಿನವೇ ಹೇಳಿದ್ದರು. "ನೀವು ಎಣಿಸೋ ಜನರ ಹತ್ರ ಮಾತಾಡ್ಬೇಡಿ. ಮಾತಾಡಿಸಿದ್ರೆ ಅವರು ನಿಮಗೋಸ್ಕರ ಬರೋಕೆ ಶುರು ಮಾಡ್ತಾರೆ. ಆಮೇಲೆ ನೀವು ಎಣಿಸೋದು ಜಾಗಾನಲ್ಲ, ನಿಮ್ಮನ್ನೇ."

ಹಾಗಾಗಿ ಅವಳ ಬಾಯಿಗೆ ಬೀಗ. ಕೆಲಸ ಮುಗಿಸಿ ಬರುವ ಇಬ್ಬರು ನರ್ಸುಗಳಲ್ಲಿ ಯಾರಿಗೆ ಮಂಡಿನೋವು, ಗಡಿಯಾರ ರಿಪೇರಿಯ ಮುದುಕ ಯಾವ ವಾರ ಕನ್ನಡಕ ಬದಲಿಸಿದ, ಎಲ್ಲ ಅವಳಿಗೆ ಗೊತ್ತು. ಅವಳಿದ್ದಾಳೆಂಬುದು ಮಾತ್ರ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸಂಜೆ ಬಾಡಿಗೆ ಕೋಣೆಗೆ ಬಂದು, ಸ್ವಿಚ್ಚು ಹಾಕಿ, ಒಂದು ತಟ್ಟೆ ತೊಳೆದಿಡುವಷ್ಟರಲ್ಲಿ ಅಕ್ಕನ ಫೋನು ಬರುತ್ತಿತ್ತು.

"ಇವತ್ತು ಯಾರ ಜೊತೆ ಮಾತಾಡ್ದೆ?"

"ತುಂಬಾ ಜನ ಸಿಕ್ಕಿದ್ರು ಅಕ್ಕ."

"ಸಿಕ್ಕಿದ್ರಾ ಅಂತ ಕೇಳ್ಲಿಲ್ಲ ಕಣೇ."

ಅಕ್ಕನ ಕಿವಿಗೆ ಸುಳ್ಳು ಹೇಳುವುದು ಸುಲಭವಲ್ಲ. ಅವಳು ಭಾವನ ಆರೋಗ್ಯ ಕೇಳಿ ಮಾತು ತಿರುಗಿಸುತ್ತಿದ್ದಳು. ಫೋನಿಟ್ಟ ಮೇಲೆ ಕೋಣೆ ಬಿಕೋ ಎನ್ನುತ್ತಿತ್ತು. ಆಗ ಹಾಳೆ ತೆಗೆದು ಹದಿನಾಲ್ಕನೆಯ ಸಾಲಿನ ಷರಾ ಓದುತ್ತಿದ್ದಳು. ಅವಳೇ ಬರೆದದ್ದು: "ಒಂಟಿ. ಜೇಬಿನಿಂದ ಕೈ ತೆಗೆಯುವುದಿಲ್ಲ. ಮನೆಗೆ ಹೋಗುವ ಆತುರವಿಲ್ಲ." ಪಾಪ, ಯಾರೂ ಇಲ್ಲವೇನೋ ಎಂದುಕೊಳ್ಳುತ್ತಿದ್ದಳು. ತನಗೂ ಯಾರೂ ಇಲ್ಲವೆಂಬುದು ಆ ಹೊತ್ತಿಗೆ ಸ್ವಲ್ಪ ಮರೆಯುತ್ತಿತ್ತು.

ಮೂರು ವಾರ ಮುಗಿದು ಪಟ್ಟಿ ಕೂಡಿದಾಗ ಸರಿಯಾಗಿ ಇಪ್ಪತ್ತು ಜನ. ಅವಳು ಕೋಣೆಯಲ್ಲಿ ಒಬ್ಬಳೇ ಎರಡು ಸುತ್ತು ಕುಣಿದಳು.

ಮರುದಿನ ತಾಳೆ ನೋಡಲೆಂದು ಸಾರಿಗೆ ಕಚೇರಿಯವರ ಎಣಿಕೆ ಬಂತು. ಅದೇ ಜಾಗದಲ್ಲಿ ರಸ್ತೆ ದಾಟುವವರನ್ನು ಅವರೂ ಎಣಿಸಿದ್ದರಂತೆ. ಅಂಕಿಗಳ ಪಕ್ಕದ ಷರಾ ಓದುತ್ತ ಹೋದವಳ ಕಣ್ಣು ಒಂದು ಕಡೆ ನಿಂತುಬಿಟ್ಟಿತು.

"ನೀಲಿ ಚೀಲದ ಮಹಿಳೆ, ಮೂವತ್ತರ ಆಸುಪಾಸು. ದಿನಕ್ಕೆ ನಾಲ್ಕು ಸಲ ದಾಟುತ್ತಾರೆ. ಬಲಗಡೆ ನೋಡುವುದೇ ಇಲ್ಲ. ಯಾರನ್ನೋ ಕಾಯುವಂತಿದೆ. ಯಾರೂ ಬರುವುದಿಲ್ಲ."

ಅವಳು ಕುರ್ಚಿಗೆ ತೂಗುಹಾಕಿದ್ದ ನೀಲಿ ಚೀಲ ನೋಡಿದಳು. ಎರಡೂ ಬದಿಯಿಂದ ಎಣಿಸಬೇಕೆಂದು ನಾಲ್ಕು ಸಲ ದಾಟಿದ್ದಳು, ಅಷ್ಟೇ. ಆದರೆ ಕೊನೆಯ ಎರಡು ಮಾತು ಎದೆಗೆ ನಾಟಿದವು. ಮೂರು ವಾರ ಊರಿನ ಒಂಟಿತನವನ್ನೆಲ್ಲ ಬರೆದುಕೊಂಡವಳನ್ನು ಯಾರೋ ಎದುರಿಗೇ ಕೂತು ಬರೆದುಕೊಂಡಿದ್ದರು. ಸಿಟ್ಟು ಬಂತು, ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು. ಮೂರನ್ನೂ ಹೊತ್ತುಕೊಂಡು ಸೀದಾ ಸಾರಿಗೆ ಕಚೇರಿಗೆ ಹೋದಳು.

"ಈ ಷರಾ ಬರ್ದೋರು ಯಾರು?"

ಮೂಲೆಯ ಮೇಜಿನಿಂದ ಒಬ್ಬ ಎದ್ದು ನಿಂತ. ಹದಿನಾಲ್ಕು.

ಅವನ ಬಲಗೈ ಇವತ್ತು ಜೇಬಿನಲ್ಲಿರಲಿಲ್ಲ, ಮೇಜಿನ ಮೇಲಿತ್ತು. ಅದರ ಪಕ್ಕ, ಒತ್ತಿದರೆ ಅಂಕಿ ತಿರುಗುವ, ಹೆಬ್ಬೆರಳಷ್ಟು ದೊಡ್ಡ ಎಣಿಕೆ ಯಂತ್ರ. ಮೂರು ವಾರ ಆ ಜೇಬಿನಲ್ಲಿ ಇದ್ದದ್ದು ಏನೆಂದು ಅವಳಿಗೆ ಆಗ ಹೊಳೆಯಿತು.

"ನೀವು..." ಎಂದ ಅವನು. ಅವಳ ಕೈಯಲ್ಲಿದ್ದ ಹಾಳೆಯ ಮೇಲಿನ ತರಬೇತಿಯ ಮುದ್ರೆ ನೋಡಿ ನಾಲಿಗೆ ಕಚ್ಚಿಕೊಂಡ. "ನೀವೂ ಎಣಿಸ್ತಿದ್ರಾ?"

"ನೀವು ಬೋರ್ಡು ಓದ್ತಿದ್ದೀರಿ ಅಂದ್ಕೊಂಡಿದ್ದೆ."

"ನೀವು ಪುಸ್ತಕ ಓದ್ತಿದ್ದೀರಿ ಅಂದ್ಕೊಂಡಿದ್ದೆ. ಹಾಳೇನೇ ತಿರುಗಿಸ್ದೆ ಯಾವ ಪುಸ್ತಕ ಓದ್ತಾರಪ್ಪ ಅಂತ ಯೋಚ್ನೆನೂ ಆಗಿತ್ತು."

ನಗಬಾರದೆಂದು ಹಟ ಹಿಡಿದವಳಿಗೆ ನಗು ಬಂದೇಬಿಟ್ಟಿತು. ಅವನೂ ಅದೇ ತರಬೇತಿಯವನು, ಹೋದ ವರ್ಷದ ತಂಡ, ಈಗ ಈ ಕಚೇರಿಯಲ್ಲಿ ಕೆಲಸ. ಆ ರಸ್ತೆಯಲ್ಲಿ ಮುದುಕರು ಮಕ್ಕಳು ಜೀವ ಕೈಯಲ್ಲಿ ಹಿಡಿದು ದಾಟುವುದನ್ನು ನೋಡಲಾರದೆ ಕಪ್ಪು-ಬಿಳಿ ಗೆರೆಯ ಒಂದು ದಾಟುಪಟ್ಟೆಗಾಗಿ ಓಡಾಡುತ್ತಿದ್ದವನು. ಅವನಿಗೂ ಅದೇ ನಿಯಮ, ಎಣಿಕೆಗೆ ಸಿಕ್ಕವರನ್ನು ಮಾತಾಡಿಸುವಂತಿಲ್ಲ. ಮೂರು ವಾರ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಒಬ್ಬರನ್ನೊಬ್ಬರು ಸಾಮಾನ್ಯ ನಾಗರಿಕರೆಂದು ನಂಬಿ ಕೂತಿದ್ದರು.

ಎಣಿಸುವವರು ಎಣಿಕೆಯಲ್ಲಿ ಸೇರಬಾರದು. ತಿದ್ದಲೇಬೇಕು. ಅವನು ಇನ್ನೊಂದು ಕುರ್ಚಿ ಎಳೆದ, ಇಬ್ಬರೂ ಹಾಳೆ ಹರಡಿದರು.

"ಸೋಮವಾರ ನಾಲ್ಕು ಸಲ. ತೆಗ್ದೆ," ಎಂದ ಅವನು. "ಮಂಗಳವಾರ ನಾಲ್ಕು. ಬುಧವಾರ ಐದು. ಬುಧವಾರ ಯಾಕೆ ಐದು?"

"ಪೆನ್ನು ಬಿದ್ದಿತ್ತು, ತರೋಕೆ ವಾಪಸ್ ಹೋಗಿದ್ದೆ."

"ನಾನು ಅವತ್ತು ಖುಷಿಪಟ್ಟಿದ್ದೆ." ತಲೆ ಎತ್ತದೆಯೇ ಹೇಳಿ, ಆ ಐದನ್ನು ಮಿಕ್ಕವಕ್ಕಿಂತ ನಿಧಾನವಾಗಿ ಹೊಡೆದುಹಾಕಿದ. ಅವಳ ಕಿವಿ ಬೆಚ್ಚಗಾಯಿತು.

ಶುಕ್ರವಾರಕ್ಕೆ ಅವನ ಹಾಳೆ ಮುಗಿಯಿತು. ಅವಳ ಹಾಳೆಯಲ್ಲಿ ಇನ್ನೂ ಎರಡು ವಾರ ಬಾಕಿಯಿತ್ತು, ಎಲ್ಲ ದಿನವೂ ಹದಿನಾಲ್ಕನೆಯ ಸಾಲಿಗೆ ಗುರುತು.

"ನಿಮ್ದು ಐದೇ ದಿನಾನಾ?"

ಅವನು ಎಣಿಕೆ ಯಂತ್ರವನ್ನು ಕೈಗೆತ್ತಿಕೊಂಡು ಸುಮ್ಮನೆ ತಿರುಗಿಸಿದ.

"ಐದೇ ದಿನ."

"ಮತ್ತೆ ಆಮೇಲೆ?"

"ಆಮೇಲೆ ಸುಮ್ನೆ ಬಂದೆ." ಯಂತ್ರವನ್ನು ಕೆಳಗಿಟ್ಟ. "ಸುಮ್ನೆ ಅಲ್ಲ. ನೀವು ಯಾರಿಗೋ ಕಾಯ್ತಿದ್ರಿ. ಯಾರೂ ಬರ್ತಿರ್ಲಿಲ್ಲ. ಹತ್ರ ಬಂದು ಮಾತಾಡ್ಸೋ ಧೈರ್ಯ ಇರ್ಲಿಲ್ಲ. ಕೊನೆಪಕ್ಷ ಎದುರುಗಡೆ ಒಬ್ಬ ಇರ್ಲಿ ಅಂತ."

ಕಚೇರಿಯಲ್ಲಿ ಯಾರೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ಅವಳಿಗೆ ಅದು ಕೇಳಿಸಲಿಲ್ಲ. ಕೋಣೆಯಲ್ಲಿ ಒಬ್ಬಳೇ ಓದಿಕೊಂಡ ಆ ಷರಾ, ಒಂದೇ ತಟ್ಟೆ ತೊಳೆದ ಸಂಜೆಗಳು, ಎಲ್ಲ ಒಟ್ಟಿಗೆ ನೆನಪಾದವು. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು.

ಅವನೇ ಅವಳ ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಕೆಳಗಿನ ಮೊತ್ತ ನೋಡಿದ. ನಿಯಮ ಅವನಿಗೂ ಬಾಯಿಪಾಠ.

"ನನ್ನನ್ನ ತೆಗೆದ್ರೆ ಹತ್ತೊಂಬತ್ತು."

"ಹೂಂ."

"ಹತ್ತೊಂಬತ್ತಾದ್ರೆ ನೀವು ಹೋಗ್ಬೇಕಲ್ವಾ?"

"ಹೂಂ."

"ಹಾಗಾದ್ರೆ ಹಾಗೇ ಇರ್ಲಿ ಬಿಡಿ. ಮೊದಲ್ನೇ ವಾರ ಮಾತ್ರ ಹೊಡೆದಾಕಿ. ಎರಡು ವಾರ ನಾನೇನು ಆಫೀಸ್ ಕೆಲಸಕ್ಕೆ ಬರ್ಲಿಲ್ಲ. ಎಲ್ಲರ ಥರ ಬಂದೆ, ಕೂತೆ, ಹೋದೆ. ಟೀಚರ್‌ಗೆ ನಾನೇ ಹೇಳ್ತೀನಿ, ಎರಡು ವಾರ ಸಾಕು ಅಂತ ಅವರೂ ಒಪ್ಕೋತಾರೆ. ನಾನು ಇಪ್ಪತ್ತನೇವ್ನೇ."

ಅವಳು ಅವನ ಮುಖ ನೋಡಿದಳು. ಸುಳ್ಳಿರಲಿಲ್ಲ. ಇವನನ್ನು ಪಟ್ಟಿಯಲ್ಲಿ ಉಳಿಸಿದರೆ ಬೆಂಚು ಬರುತ್ತದೆ, ಮಂಡಿನೋವಿನ ನರ್ಸು ಕಾಲು ಚಾಚಿ ಕೂರುತ್ತಾಳೆ, ತಾನು ಎರಡು ವರ್ಷ ಇದೇ ಊರಿನಲ್ಲಿ, ಇವನಿರುವ ಊರಿನಲ್ಲಿ ಇರಬಹುದು. ಕೈ ಒಂದು ಗೆರೆ ಎಳೆಯದಿದ್ದರೆ ಸಾಕು. ಅವಳಿಗೆ ತುಂಬ ಆಸೆಯಾಯಿತು.

"ನೀವು ಆ ಜಾಗಕ್ಕೆ ಬರ್ಲಿಲ್ಲ," ಎಂದಳು. "ನಾನು ಇನ್ನೊಂದು ಬೀದೀಲಿ ಕೂತಿದ್ರೆ ನೀವು ಆ ಬೀದಿಗೆ ಬರ್ತಿದ್ರಿ."

ಅವನು ಹೌದೆಂದು ತಲೆಯಾಡಿಸಿದ.

"ಕಾರಿನೋರು ನಾಳೆ ಜಗಳಕ್ಕೆ ಬರ್ತಾರೆ, ಲೆಕ್ಕ ತೋರ್ಸಿ ಅಂತಾರೆ. ಒಂದು ಸುಳ್ಳಿದ್ರೂ ಉಳಿದ ಹತ್ತೊಂಬತ್ತು ಜನ ನಿಜವಾಗಿ ಕೂತಿದ್ದೂ ಸುಳ್ಳಾಗತ್ತೆ." ಅವಳು ಪಟ್ಟಿಯನ್ನು ವಾಪಸ್ ಎಳೆದುಕೊಂಡಳು. "ಅದೂ ಅಲ್ದೆ..."

"ಅದೂ ಅಲ್ದೆ?"

"ಇಷ್ಟು ವರ್ಷದಲ್ಲಿ ನನಗೋಸ್ಕರ ಅಂತ ಯಾರೂ ಎಲ್ಲಿಗೂ ಬಂದಿರ್ಲಿಲ್ಲ. ನೀವು ಬಂದಿದ್ದು ನನಗೋಸ್ಕರ ಅಂದ್ರೆ ಅದು ನನ್ನದು. ಅದನ್ನ ಪಟ್ಟಿಗೆ ಕೊಡಲ್ಲ ನಾನು."

ಗೆರೆ ಎಳೆದಳು. ಹದಿನಾಲ್ಕನೆಯ ಸಾಲಿನ ಉದ್ದಕ್ಕೂ, ಮೂರು ವಾರ ಪೂರ್ತಿ. ಅವನು ನೋಡುತ್ತಿದ್ದ. ಆಮೇಲೆ ಮೇಜಿನ ಮೇಲಿದ್ದ ಅವಳ ಕೈಯ ಪಕ್ಕಕ್ಕೆ ತನ್ನ ಕೈ ತಂದಿಟ್ಟ, ಮುಟ್ಟಲಿಲ್ಲ. ಮುಟ್ಟಿದ್ದು ಅವಳು.

ಟೀಚರ್ ಪಟ್ಟಿ ನೋಡಿ ಕನ್ನಡಕ ತೆಗೆದಿಟ್ಟರು. ಜಾಗ ತಳ್ಳಿಹಾಕುವುದಿಲ್ಲ, ಮುಂದಿನ ವರ್ಷ ಬೇರೆಯವರು ಮತ್ತೆ ಎಣಿಸುತ್ತಾರೆ ಎಂದರು. "ಒಂದು ಗೆರೆ ಎಳೀದೆ ಇದ್ದಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ ಮಗಳೇ," ಎಂದು ಬೆನ್ನು ಸವರಿದರು. ಹತ್ತೊಂಬತ್ತಂತೂ ಇಪ್ಪತ್ತಾಗಲಿಲ್ಲ.

ತರಬೇತಿ ಮುಗಿಯಲು ಉಳಿದದ್ದು ಹನ್ನೊಂದು ಸಂಜೆ. ಹನ್ನೊಂದನ್ನೂ ಅವರು ಅದೇ ಮೋಟುಗೋಡೆಯ ಮೇಲೆ ಪಕ್ಕಪಕ್ಕ ಕೂತು ಕಳೆದರು. ಮೂರು ವಾರ ಆಡದೆ ಉಳಿಸಿಕೊಂಡ ಮಾತು ಬೇಕಾದಷ್ಟಿತ್ತು. ಅಕ್ಕ ಫೋನಿನಲ್ಲಿ, "ಯಾಕೆ ಇವತ್ತು ಧ್ವನಿನೇ ಬೇರೆ ಥರ ಇದೆ?" ಎಂದಾಗ ಮಾತ್ರ ಅವಳು ಮತ್ತೆ ಭಾವನ ಆರೋಗ್ಯ ಕೇಳಿದಳು.

ಹನ್ನೆರಡನೆಯ ದಿನ ಮಧ್ಯಾಹ್ನ ಬಸ್ ನಿಲ್ದಾಣಕ್ಕೆ ಅವನೇ ಟ್ರಂಕು ಹೊತ್ತು ತಂದ. ದಾಟುಪಟ್ಟೆಯ ಕೆಲಸ ಮುಗಿಯುವ ತನಕ, ಇನ್ನೊಂದೂವರೆ ವರ್ಷ, ಅವನು ಈ ಊರು ಬಿಡುವ ಹಾಗಿಲ್ಲ. ಇರು ಎಂದು ಅವನು ಹೇಳಲಿಲ್ಲ, ಬಾ ಎಂದು ಅವಳೂ ಹೇಳಲಿಲ್ಲ. ಹೇಳಿದರೆ ಇಬ್ಬರಿಗೂ ತಡೆದುಕೊಳ್ಳಲಾಗುವುದಿಲ್ಲವೆಂದು ಗೊತ್ತಿತ್ತು.

ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಕೆಳಗೆ ನಿಂತು ತಲೆ ಕೆರೆದುಕೊಂಡ.

"ಅಕ್ಕನ ಊರಲ್ಲಿ ರಸ್ತೆ ದಾಟೋರು ಜಾಸ್ತೀನಾ?"

"ಅಲ್ಲಿ ರಸ್ತೇನೇ ಒಂದು. ದಾಟೋರೂ ಕಮ್ಮಿ."

"ಎಷ್ಟು ಜನ ಇರ್ಬಹುದು?"

"ನಾಳೆಯಿಂದ ಒಬ್ಳು ಇರ್ತಾಳೆ," ಎಂದಳು. ಅಳಬಾರದೆಂದುಕೊಂಡಿದ್ದಳು, ಆಗಲಿಲ್ಲ. "ಬಲಗಡೆ ನೋಡಲ್ಲ ಅವ್ಳು."

"ಒಬ್ರು ಸಾಕು ನನಗೆ. ಕೆಲಸ ಮುಗಿದ ಮಾರನೇ ದಿನವೇ ಬರ್ತೀನಿ. ಅಲ್ಲೀವರೆಗೂ ನೋಡ್ಕೊಂಡು ದಾಟಿ."

ಬಸ್ಸು ಹೊರಟಿತು. ಅವನು ಕೈ ಎತ್ತಲಿಲ್ಲ, ಬಸ್ಸಿನ ಜೊತೆ ಗೇಟಿನವರೆಗೂ ನಡೆದು ಬಂದ. ತಿರುವು ದಾಟಿದ ಮೇಲೂ ಅವಳು ಹಿಂದಕ್ಕೇ ನೋಡುತ್ತ ಕೂತಳು. ಪಕ್ಕದ ಸೀಟಿನ ಹೆಂಗಸು, "ಯಾರನ್ನ ಬಿಟ್ಟು ಹೋಗ್ತಿದ್ದೀಯಮ್ಮ?" ಎಂದು ಕೇಳಿದಳು.

ಅವಳು ಕಣ್ಣೊರೆಸಿಕೊಂಡಳು. "ನಮ್ಮವ್ರನ್ನ," ಎಂದಳು.