ಸಂಜೆ ಅಡಗಿದ್ದ ವಾಚು

ಬಾಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬರದೇ ಇದ್ದ ಕಾಲದಲ್ಲಿ, ಹವಳದುರ್ಗ ಅಂತ ಒಂದು ರಾಜ್ಯ ಇತ್ತು. ಮಣ್ಣು ಚೆನ್ನಾಗಿತ್ತು, ನೀರು ಚೆನ್ನಾಗಿತ್ತು, ರಾಜನೂ ಒಳ್ಳೇವ್ನೇ. ಬುದ್ಧಿ ಮಾತ್ರ ಒಂಚೂರು ಕಮ್ಮಿ. ಆ ರಾಜ್ಯದಲ್ಲಿ ಬೆಳಗಾಗೋದು, ಮಧ್ಯಾಹ್ನ ಆಗೋದು, ರಾತ್ರಿ ಆಗೋದು. ಸಂಜೆ ಮಾತ್ರ ಆಗ್ತಿರ್ಲಿಲ್ಲ. ನೆತ್ತಿ ಮೇಲಿದ್ದ ಸೂರ್ಯ ತೆಂಗಿನಕಾಯಿ ಬಿದ್ದಂಗೆ ದೊಪ್ಪಂತ ಬಿದ್ದು ಕತ್ತಲಾಗೋದು.

ಯಾಕೆ ಅಂದ್ರೆ, ಆ ಸೀಮೇಲಿ ಒಂದು ಪದ್ಧತಿ. ಏನೇ ವ್ಯಾಪಾರ ಆಗ್ಲಿ, ಕೊಂಡೋರು ಕೊಸರು ಕೇಳ್ಬೇಕು, ಮಾರಿದೋರು ಕೊಡ್ಬೇಕು. ಸೊಪ್ಪು ತಗೊಂಡ್ರೆ ಮೇಲೊಂದು ಕಡ್ಡಿ ಕೊತ್ತಂಬರಿ, ಮೊಳ ಹೂವು ತಗೊಂಡ್ರೆ ಮೇಲೊಂದು ಗೇಣು ಹೂವು. ಕೊಸರು ಕೊಡದೇ ಇದ್ರೆ ಮಾರಿದ ಸಾಮಾನು ತಾನಾಗೇ ಎದ್ದು ವಾಪಸ್ ನಡ್ಕೊಂಡು ಹೋಗ್ಬಿಡೋದು.

ಅಲ್ಲಿ ಕಂಟಕಯ್ಯ ಅಂತ ಒಬ್ಬ ಮಾಟಗಾರ ಇದ್ದ. ಅವನಿಗೆ ಜನ ಸಂಜೆ ಹೊತ್ತು ಜಗಲಿ ಮೇಲೆ ಕೂತು ಮಾತಾಡೋದು ಕಂಡ್ರೆ ಆಗ್ತಿರ್ಲಿಲ್ಲ. ಮಾತಾಡ್ತಿದ್ದದ್ದೆಲ್ಲ ಅವನ ವಿಷಯವೇ. ಅವನು ಮಾಡ್ತಿದ್ದ ಕೆಲಸಕ್ಕೆ ಇನ್ನೇನು ಹಾಡಿ ಹೊಗಳ್ಬೇಕಿತ್ತಾ? ಒಂದಿನ ಅವನು ರಾಜನ ಹತ್ರ ಒಂದು ಕುಂಟು ಕುದುರೆ ಕೊಂಡ. ರಾಜನಿಗೆ ಸಂತೋಷ. "ಕೊಸರು ಏನು ಬೇಕೋ ತಗೊಳ್ರಿ ಕಂಟಕಯ್ಯನೋರೆ," ಅಂದ.

"ನಿಮ್ಮ ರಾಜ್ಯದ ಸಂಜೆ ತಗೊಂಡೆ," ಅಂದ ಮಾಟಗಾರ. ಅಷ್ಟೇ. ಸಂಜೇನ ಮಡಚಿ ಮಡಚಿ ಒಂದು ಕೈಗಡಿಯಾರದ ಒಳಕ್ಕೆ ತುರುಕಿ, ವಾಚು ಕೆಡಿಸಿ ಎಲ್ಲಿಗೋ ಎಸೆದುಬಿಟ್ಟ.

ಆ ಊರಲ್ಲಿ ಲಕ್ಕಪ್ಪ ಅಂತ ಒಬ್ಬ ಬಳೆಗಾರ ಹುಡುಗ. ಹೆಗಲ ಮೇಲೆ ಬಳೆ ಕಟ್ಟಿದ ಮಲಾರ ಹಾಕ್ಕೊಂಡು ಬೀದಿ ಬೀದಿ ತಿರುಗ್ತಿದ್ದ. ಅವನು ಬಳೆ ತೊಡಿಸಿದ್ರೆ ಎಂಥಾ ದಪ್ಪ ಕೈಯೋಳೂ ಹಾ ಅಂತಿರ್ಲಿಲ್ಲ. ಅವನಿಗೂ ಅದೇ ಬೀದಿ ಸಿರಿಯಮ್ಮಂಗೂ ಮಾತುಕತೆ ಆಗಿ, ಎಲೆ ಅಡಿಕೆ ಬದಲಾಯಿಸಿ, ಆ ಎಲೆಬಳ್ಳಿಯೇ ಒಣಗಿ ಹೋಗಿತ್ತು. ಮದುವೆ ಮಾತ್ರ ಇಲ್ಲ. ಹವಳದುರ್ಗದಲ್ಲಿ ತಾಳಿ ಕಟ್ಟೋದು ದೀಪ ಹಚ್ಚೋ ಹೊತ್ತಲ್ಲೇ. ಸಂಜೆ ಇಲ್ಲ ಅಂದ್ಮೇಲೆ ದೀಪ ಹಚ್ಚೋ ಹೊತ್ತು ಎಲ್ಲಿಂದ ಬರ್ಬೇಕು?

"ನನ್ನ ತಲೆ ಬೆಳ್ಳಗಾದ್ಮೇಲೆ ಕಟ್ತೀಯೇನು ತಾಳಿ?" ಅಂದ್ಳು ಸಿರಿಯಮ್ಮ. "ನಮ್ಮಪ್ಪ ಪರದೇಶದ ಗಂಡು ನೋಡ್ತಾ ಇದಾರೆ. ಅಲ್ಲಿ ಸಂಜೆ ಆಗುತ್ತಂತೆ, ದಿನಾ."

"ಬರೋ ಹುಣ್ಣಿಮೆವರೆಗೆ ತಡಿ ಕಣೆ," ಅಂದ ಲಕ್ಕಪ್ಪ.

"ತಡ್ದು ತಡ್ದೇ ಕಾಲು ಊದಿರೋದು. ಹುಣ್ಣಿಮೆ ದಾಟಿದ್ರೆ ನಾನು ಗಾಡಿ ಹತ್ತಿದೆ ಅನ್ಕೋ."

ಲಕ್ಕಪ್ಪಂಗೆ ಏನು ಮಾಡ್ಬೇಕೋ ತೋಚ್ಲಿಲ್ಲ. ಮದುಮಗನ ಕೈಯಲ್ಲಿ ಒಂದು ವಾಚಾದ್ರೂ ಇರ್ಲಿ, ಅದನ್ನ ನೋಡಾದ್ರೂ ಅವಳಪ್ಪನ ಮನಸ್ಸು ನಿಂತೀತು ಅಂತ ಗುಜರಿ ಬೀದಿಗೆ ಹೋದ. ಅವನ ವಂಶದಲ್ಲೇ ಯಾರೂ ವಾಚು ಕಟ್ಟಿದೋರಲ್ಲ.

ಗುಜರಿ ಅಂಗಡಿ ಹನುಮಕ್ಕಂದು. ಮುದುಕಿ. ಬಾಯಿ ಅಂದ್ರೆ ಮೆಣಸಿನಕಾಯಿ ಅಂಗಡಿ. ತುಕ್ಕು ಹಿಡಿದ ಬೀಗಗಳ ಕೆಳಗೆ ಒಂದು ಹಳೇ ವಾಚು ಸಿಕ್ತು. ಗಾಜಿಲ್ಲ, ಮುಳ್ಳು ಅಲ್ಲಾಡಲ್ಲ, ಬಣ್ಣ ಮಾತ್ರ ಮಾಗಿದ ಹುಣಸೆಹಣ್ಣಿನ ಬಣ್ಣ. ಲಕ್ಕಪ್ಪ ಕಿವಿಗೆ ಇಟ್ಕೊಂಡ. ಟಿಕ್ ಅನ್ನೋ ಸದ್ದಿಲ್ಲ. ಆದ್ರೆ ಬಾಳ ದೂರದಲ್ಲಿ ದನದ ಕೊರಳಗಂಟೆ ಕೇಳಿಸ್ತು. ಯಾರೋ ತಾಯಿ, "ಬಾರೋ, ದೀಪ ಹಚ್ಚಿದೀನಿ, ಆಡಿದ್ದು ಸಾಕು," ಅಂತ ಕೂಗಿದ್ದು ಕೇಳಿಸ್ತು.

ಕಳೆದುಹೋದ ಸಂಜೆ ಇದರೊಳಗೇ ಇದೆ ಅಂತ ಅವನಿಗೆ ಹೊಳೀತು. "ಅವ್ವಾ, ಇದು ಎಲ್ಲಿಂದ ಬಂತು?"

"ಕಂಟಕಯ್ಯನ ಮನೆ ಕಸದ ಜೊತೆ ಬಂತು. ಅದು ವಾಚಲ್ಲ ಮಗಾ, ವಾಚಿನ ಹೆಣ. ಗಾಜಿಲ್ಲ, ಕೂದಲೆಳೆ ಥರದ ಸುರುಳಿ ಒಳಗಿರುತ್ತೆ ಅದಿಲ್ಲ, ಕೀ ಕೊಡೋ ಗುಂಡಿ ಇಲ್ಲ. ಗಾಜು ಎಲ್ಲಾದ್ರೂ ಸಿಕ್ಕೀತು, ಸುರುಳಿ ಸಿಕ್ಕೀತು. ಗುಂಡಿ ಮಾತ್ರ ಅದರದ್ದೇ ಆಗ್ಬೇಕು. ಆ ಕಂಟಕ ಒಂದೇ ಕಿವೀಲಿ ಕೆಂಪು ಓಲೆ ಹಾಕ್ಕೊಂಡು ಮೆರೀತಾನಲ್ಲ, ಅದೇನು ಅಂದ್ಕೊಂಡೆ?"

ಲಕ್ಕಪ್ಪ ಒಂದು ಸರ ಕೆಂಪು ಬಳೆ ಕೊಟ್ಟು ವಾಚು ಕೊಂಡ. "ಕೊಸರು, ಅವ್ವ?"

ಹನುಮಕ್ಕ ಗೊಣಗ್ಕೊಂಡು ಒಂದು ಪುಟ್ಟ ಸೀಸೆ ಎಣ್ಣೆ ಕೊಟ್ಳು. "ವಾಚಿಗೆ ಒಂದು ಹನಿ ಸಾಕು. ಉಳಿದದ್ದು ನಿನ್ನ ತಲೆಗೆ ಹಚ್ಕೊ, ತಂಪಾಗ್ಲಿ."

ಮೊದಲು ಗಾಜು ಬೇಕಲ್ಲ, ಹೊಳೆ ಆಚೆ ಗಾಜಿನ ಭಟ್ಟಿಗೆ ಹೊರಟ. ಹೊಳೇಲಿ ಒಂದು ಹಾಸುಬಂಡೆ. ಊರೋರೆಲ್ಲ ಅದರ ಮೇಲೇ ಕಾಲಿಟ್ಟು ದಾಟ್ತಿದ್ರು. ಅದು ಬಂಡೆ ಅಲ್ಲ, ಆಮೆ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ತುಳ್ಕೊಂಡು ಹೋಗ್ತಿದ್ರು, ನಮ್ಮ ಜನ ಹಂಗೇ. ಲಕ್ಕಪ್ಪ ದಾಟಿದೋನು ತಿರುಗಿ ನಿಂತ್ಕೊಂಡ. ಬಳೆ ತೊಟ್ಟೋರು ಬಳೆಗಾರನಿಗೆ ಕೈ ಮುಗಿಯೋದು ಅವನು ದಿನಾ ನೋಡಿದ್ದು. ಹಂಗೇ ಕೈ ಮುಗಿದು, "ದೊಡ್ಡ ಉಪಕಾರ ಆಯ್ತು ತಾತ. ಕಾಲು ನೆನೀದಂಗೆ ದಾಟಿಸಿದೆ," ಅಂದ.

ಆಮೆ ಕತ್ತು ಈಚೆಗೆ ಚಾಚ್ತು. "ಏನಂದೆ? ಇನ್ನೊಂದ್ಸಲ ಅನ್ನು."

"ಉಪಕಾರ ಆಯ್ತು ತಾತ."

"ನಿಮ್ಮ ತಾತನ ತಾತನ್ನೂ ದಾಟಿಸಿದೀನಿ ಕಣಪ್ಪ. ಆ ಪುಣ್ಯಾತ್ಮ ನನ್ನ ಬೆನ್ನ ಮೇಲೆ ಉಗುಳಿ ಹೋದ." ಆಮೆ ಕಣ್ಣಲ್ಲಿ ನೀರು ಬಂತು. ಕೆನ್ನೆ ಮೇಲೆ ಇಳೀತಾ ಇಳೀತಾ ಗಟ್ಟಿಯಾಗಿ ಗಾಜಾಗಿ ಟಣ್ ಅಂತ ಬಿತ್ತು. ವಾಚಿನ ಮೇಲಿಟ್ರೆ ಅಳತೆ ಮಾಡಿ ಮಾಡಿಸಿದಂಗೆ ಕೂತ್ಕೊಳ್ತು.

ಇನ್ನು ಸುರುಳಿ. "ಹುಲಿಯಮ್ಮನ ಮೀಸೆಗಿಂತ ಸಣ್ಣ ಎಳೆ ಈ ಸೀಮೇಲಿಲ್ಲ," ಅಂತ ಆಮೇನೇ ದಾರಿ ತೋರಿಸ್ತು. ಲಕ್ಕಪ್ಪ ದೇವ್ರ ಹೆಸರು ಹೇಳ್ಕೊಂಡು ಕಾಡಿಗೆ ಹೋದ. ಹುಲಿಯಮ್ಮ ಗವಿ ಬಾಗಿಲಲ್ಲಿ ಮುಂಗಾಲು ಎತ್ಕೊಂಡು ಮಲಗಿದ್ಲು. ಮರಿಯಾಗಿದ್ದಾಗ ಕಂಟಕಯ್ಯ ಅವಳನ್ನ ಹಿಡಿದು ಕಾಲಿಗೆ ಕಬ್ಬಿಣದ ಕಡಗ ಹಾಕಿದ್ನಂತೆ. ಅವಳು ಬೆಳೆದ್ಲು, ಕಡಗ ಬೆಳೀಲಿಲ್ಲ. ಮಾಂಸದಲ್ಲಿ ಹೂತು ಹೋಗಿತ್ತು.

"ಹತ್ರ ಬಂದ್ರೆ ತಿಂದ್ಬಿಡ್ತೀನಿ," ಅಂದ್ಳು.

"ತಿನ್ನೀರಂತೆ ತಾಯಿ. ಮೊದ್ಲು ಕೈ ಕೊಡಿ, ಇದು ನನ್ನ ಕಸುಬು," ಅಂತ ಅವನು ಮಂಡಿ ಊರಿ ಕೂತ. ಹನುಮಕ್ಕನ ಎಣ್ಣೆ ಸುರಿದ. ಒಂದೇ ಒಂದು ಹನಿ ಸೀಸೇಲಿ ಉಳಿಸ್ಕೊಂಡ. ಬಳೆಗಾರರು ಒಂದು ಉಪಾಯ ಮಾಡ್ತಾರೆ. ಕೈ ಹಿಡಿದ್ಮೇಲೆ ಮಾತಿಗೆ ಎಳೀತಾರೆ. ಗಮನ ಮಾತಿನ ಮೇಲೆ ಹೋದ್ರೆ ಕೈ ಸಡ್ಲ ಆಗುತ್ತೆ, ಬಳೆ ಜಾರುತ್ತೆ.

"ಮನೆಯೋರು ಎಲ್ಲಿ, ಕಾಣ್ಲಿಲ್ಲ?" ಅಂದ ಲಕ್ಕಪ್ಪ, ಗಿಣ್ಣು ಒತ್ತುತ್ತಾ.

"ಮನೆಯೋನಾ? ಪಕ್ಕದ ಕಾಡಲ್ಲಿದಾನೆ. ಯಾಕೆ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ."

"ಅಯ್ಯೋ. ಆ ಪಟ್ಟೆ ಸರಿಯಾಗಿಲ್ಲದೋಳ ಜೊತೆನಾ?"

"ನಿಂಗೂ ಗೊತ್ತಾಯ್ತಾ? ಅವಳ ಪಟ್ಟೆ ಇರ್ಲಿ, ನಡತೆ ನೋಡ್ಬೇಕು ನೀನು," ಅಂತ ಹುಲಿಯಮ್ಮ ಶುರು ಮಾಡಿದ್ಲು ನೋಡಿ, ಅವಳತ್ತೆಯ ಸುದ್ದಿ ಬರೋ ಹೊತ್ತಿಗೆ ಕಡಗ ಲಕ್ಕಪ್ಪನ ಕೈಯಲ್ಲಿತ್ತು. ಅವಳು ಕಾಲು ನೆಲಕ್ಕೆ ಊರಿದ್ಲು. ಎತ್ತಿದ್ಲು. ಮತ್ತೆ ಊರಿದ್ಲು. ಲಕ್ಕಪ್ಪ ವಾಚಿಗೊಂದು ಮೀಸೆ ಕೇಳಿದ. ಅವಳು ಮುಖ ಮುಂದೆ ತಂದು ಕಣ್ಣು ಅತ್ತ ತಿರುಗಿಸಿದ್ಲು. ಲಕ್ಕಪ್ಪ ಒಂದು ಮೀಸೆ ಕಿತ್ಕೊಂಡು, ಅವಳ ಪಾದ ಮುಟ್ಟಿ ಕಣ್ಣಿಗೊತ್ಕೊಂಡ.

ಅಂಗಡಿಗೆ ವಾಪಸ್ ಬಂದಾಗ ಹನುಮಕ್ಕ ಬೈಕೊಂಡೇ ಮೀಸೇನ ಸುರುಳಿ ಸುತ್ತಿ ಚಿಮುಟದಲ್ಲಿ ಹಿಡಿದು ಒಳಗೆ ಕೂರಿಸಿದ್ಲು. ಹಕ್ಕಿ ಗರೀಲಿ ಧೂಳು ಹೊಡೆದ್ಲು, ಉಳಿದಿದ್ದ ಹನಿ ಎಣ್ಣೆ ಬಿಟ್ಳು. "ಇನ್ನು ಗುಂಡಿ. ಮಗಾ, ಅವನು ತನ್ನ ಎಂಜಲನ್ನೂ ಬಿಟ್ಟಿ ಕೊಡೋನಲ್ಲ."

"ಬಿಟ್ಟಿ ಯಾರು ಕೇಳ್ತಾರೆ ಅವ್ವ? ಕೊಂಡ್ಕೋತೀನಿ," ಅಂದ ಲಕ್ಕಪ್ಪ.

ಹುಣ್ಣಿಮೆ ದಿನ ಮಧ್ಯಾಹ್ನ ಕಂಟಕಯ್ಯನ ಕೋಟೆ ಬಾಗಿಲಿಗೆ ಹೋದ. ವಾಚು ಸೊಂಟದಲ್ಲಿ ಸಿಗ್ಸಿದ್ದ. ಮಾಟಗಾರ ಉಯ್ಯಾಲೆ ಮೇಲೆ ಕೂತಿದ್ದ, ಕಿವೀಲಿ ಆ ಕೆಂಪು ಓಲೆ.

"ಬಳೆ ಉಜ್ಜೋಕೆ ಬೂದಿ ಬೇಕಿತ್ತು ಸ್ವಾಮಿ. ನಿಮ್ಮ ಹಿತ್ತಲಲ್ಲಿ ಗುಡ್ಡೆ ಬಿದ್ದಿದೆಯಲ್ಲ, ಒಂದು ಹಿಡಿ ಮಾರ್ತೀರಾ?"

ಬೂದಿಗೂ ಬೆಲೆ ಬಂತಲ್ಲ ಅಂತ ಕಂಟಕಯ್ಯನ ಕಣ್ಣು ಅರಳ್ತು. "ಒಂದು ಹಿಡಿಗೆ ನಿನ್ನ ಮಲಾರ ಪೂರ್ತಿ."

ಆ ಮಲಾರದಲ್ಲಿ ಸಿರಿಯಮ್ಮನ ಮದುವೆಗೆ ಅಂತ ಎತ್ತಿಟ್ಟಿದ್ದ ಹಸಿರು ಬಳೇನೂ ಇತ್ತು. ಆದ್ರೂ ಲಕ್ಕಪ್ಪ ಅದನ್ನ ಹೆಗಲಿಂದ ಇಳಿಸಿ ಅವನ ಮುಂದೆ ಇಟ್ಟ. ಬೂದಿ ಬಟ್ಟೇಲಿ ಕಟ್ಕೊಂಡ. ಆಮೇಲೆ ಮೆಲ್ಲಗೆ, ದಪ್ಪ ಕೈಗೆ ಸಣ್ಣ ಬಳೆ ಏರಿಸೋ ಹಂಗೆ, ಮಾತಿಗೆ ಎಳೆದ.

"ಸ್ವಾಮಿ, ಆ ಕುದುರೆ ವ್ಯಾಪಾರದ ಕತೆ ಕೇಳಿದೀನಿ. ರಾಜರು ನಿಜವಾಗ್ಲೂ ಹಂಗೇ ಅಂದ್ರಾ?"

"ಹಂಗೇ ಅಂದ ಕಣೋ, ಮೀಸೆ ತಿರುವ್ಕೊಂಡು," ಅಂತ ಕಂಟಕಯ್ಯ ಗಹಗಹಿಸಿ ನಕ್ಕ. ಎಷ್ಟು ಕಾಲದಿಂದ ಆ ಕತೆ ಕೇಳೋಕೆ ಒಬ್ರೂ ಸಿಕ್ಕಿರ್ಲಿಲ್ಲ ಅವನಿಗೆ. ಸಂಜೆ ಇದ್ರೆ ತಾನೆ ಕತೆ ಕೇಳೋರು?

"ರಾಜರ ದನಿ ಗತ್ತಿಂದು. ನಿಮಗೆ ಬರಲ್ಲ ಬಿಡಿ ಸ್ವಾಮಿ."

"ಬರಲ್ವಾ? ಕೊಸರು ಕೇಳು, ಹೇಳ್ತೀನಿ."

"ಸ್ವಾಮಿ, ಬೂದಿ ಕೊಂಡಿದೀನಿ. ಕೊಸರು?"

ಕಂಟಕಯ್ಯ ಎದ್ದು ನಿಂತು, ಎದೆ ಉಬ್ಬಿಸಿ, ಥೇಟ್ ರಾಜನ ಥರ ಅಂದ, "ಏನು ಬೇಕೋ ತಗೊಳ್ರಿ."

"ನಿಮ್ಮ ಕಿವಿ ಓಲೆ ತಗೊಂಡೆ," ಅಂದ ಲಕ್ಕಪ್ಪ.

ಕಂಟಕಯ್ಯ ಕಿವಿ ಮುಚ್ಕೊಳ್ಳೋಕೆ ಹೋದ. ಅಷ್ಟರಲ್ಲಿ ಓಲೆ ತಾನಾಗೇ ಕಳಚ್ಕೊಂಡು ಹಾರಿ ಬಂದು ಲಕ್ಕಪ್ಪನ ಅಂಗೈ ಮೇಲೆ ಕೂತ್ಕೊಳ್ತು. ಕೊಟ್ಟ ಕೊಸರು ಕೊಟ್ಟದ್ದೇ. ಲಕ್ಕಪ್ಪ ವಾಚಿಗೆ ಗುಂಡಿ ಸಿಗಿಸಿ ಕೀ ಕೊಟ್ಟ. ಆಮೆಯ ಗಾಜು ಮಿನುಗ್ತು, ಹುಲಿಯ ಮೀಸೆ ಮಿಡೀತು. ಟಿಕ್ ಅಂತು. ಟಿಕ್ ಟಿಕ್ ಅಂತು. ಗಾಜಿನೊಳಗಿಂದ ಅರಿಶಿನ ಕದಡಿದಂಥ ಬೆಳಕು ಸೋರಿ ಆಕಾಶಕ್ಕೆಲ್ಲ ಹರಡ್ಕೊಳ್ತು.

ಸಂಜೆ ಆಯ್ತು.

ದನ ಮನೆ ಕಡೆ ತಿರುಗಿದ್ವು. ಜನ ಒಬ್ಬೊಬ್ಬರೇ ಜಗಲಿಗೆ ಬಂದ್ರು, ಆಕಾಶ ನೋಡಿದ್ರು, ಕಣ್ಣೊರೆಸ್ಕೊಂಡ್ರು. ಆಮೇಲೆ ಬಾಯಿ ಬಿಟ್ರು. ಅಷ್ಟು ಕಾಲ ಹೊಟ್ಟೇಲಿ ಕೂಡಿಟ್ಟಿದ್ದ ಕಂಟಕಯ್ಯನ ಸುದ್ದಿಯೆಲ್ಲ ಒಂದೇ ಸಲ ಈಚೆಗೆ ಬಂತು. ಅವನ ಜಿಪುಣತನ, ಅವನ ಕುಂಟು ಕುದುರೆ, ಅವನ ಒಂಟಿ ಓಲೆ. ಒಂದೊಂದು ಮಾತಿಗೂ ಮಾಟಗಾರ ಒಂದೊಂದು ಗೇಣು ಕುಗ್ಗಿದ. ಕುಗ್ಗಿ ಕುಗ್ಗಿ ಜೀರುಂಡೆ ಆಗಿ ಬೂದಿ ಗುಡ್ಡೆ ಒಳಕ್ಕೆ ನುಗ್ಗಿದ. ಇವತ್ತಿಗೂ ಸಂಜೆ ಆದ್ರೆ ಕಿರ್ರ್ ಅಂತಾನೆ. ಯಾರೋ ಅವನ ಸುದ್ದಿ ಎತ್ತಿರ್ತಾರೆ.

ಲಕ್ಕಪ್ಪ ಓಡೋಡಿ ಮನೆ ಬೀದಿಗೆ ಬಂದ. ಸಿರಿಯಮ್ಮನ ಮನೆ ಬಾಗಿಲಲ್ಲಿ ಗಾಡಿ ಕಟ್ಟಿ ನಿಂತಿತ್ತು. ಸಿರಿಯಮ್ಮ ಗಾಡಿ ಪಕ್ಕ ದೀಪ ಹಿಡ್ಕೊಂಡು ನಿಂತಿದ್ಲು. ಸಂಜೆ ಬೆಳಕಲ್ಲಿ ಅವಳ ಮುಖ ಅವನು ನೋಡ್ತಿದ್ದದ್ದು ಅದೇ ಮೊದಲು.

"ಬಳೆ ಎಲ್ಲಾ ಹೋಯ್ತು ಕಣೆ," ಅಂದ. "ಬರಿಗೈಲಿ ಬಂದೆ."

"ಸೊಂಟದ ಗಂಟು ಬಿಚ್ಚು. ನೀವು ಬಳೆಗಾರರು ಕೊಸರು ಬಳೇನ ಮಲಾರದಲ್ಲಿ ಇಡ್ತೀರಾ?"

ಹೌದಲ್ಲ. ಗಂಟಲ್ಲಿ ಒಂದು ಹಸಿರು ಬಳೆ ಉಳ್ಕೊಂಡಿತ್ತು. ಅವಳು ಕೈ ಚಾಚಿದ್ಲು. ಅವನು ತೊಡಿಸಿದ. ಅವಳಪ್ಪ ಗಾಡಿ ಎತ್ತು ಬಿಚ್ಚಿ, "ಪುರೋಹಿತರನ್ನ ಕರೀರೋ, ಇನ್ನೇನು ನೋಡ್ತೀರ," ಅಂತ ಗದರಿದ.

ಮದುವೇಲಿ ಮೊದಲ ಎಲೆ ಹಾಕಿದ್ದು ಹನುಮಕ್ಕಂಗೆ. ಪಾಯಸದಲ್ಲಿ ಸಕ್ಕರೆ ಕಮ್ಮಿ ಅಂತ ಬೈದು ಮೂರು ಸಲ ಹಾಕಿಸ್ಕೊಂಡ್ಲು. ಹುಲಿಯಮ್ಮ ಬಂದಿದ್ಲು, ಯಾರ ತಂಟೆಗೂ ಹೋಗದೆ ಮೂಲೇಲಿ ಕೂತು ಅತ್ತೆ ಸುದ್ದಿ ಹೇಳಿ ಮುಗಿಸಿದ್ಲು. ಆಮೆ ಹೊರಟು ಇನ್ನೂ ದಾರೀಲಿತ್ತು. ಗಂಡು ಹೆಣ್ಣು ಇಬ್ಬರೂ ಹೊಳೆ ಕಡೆ ಹೋಗಿ ಅಲ್ಲೇ ಅದರ ಬೆನ್ನು ತೊಳೆದು ಕುಂಕುಮ ಇಟ್ಟು ಕೈ ಮುಗಿದ್ರು. ಅವತ್ತಿಂದ ಆ ಊರೋರು ದಾಟಿದ್ಮೇಲೆ ತಿರುಗಿ ನೋಡೋದು ಕಲಿತ್ರು. ಲಕ್ಕಪ್ಪನ ಬೀದೀಲಿ ಬಳೆ ಸದ್ದು ನಿಲ್ಲಲಿಲ್ಲ, ಸಿರಿಯಮ್ಮನ ಮನೇಲಿ ನಗು ನಿಲ್ಲಲಿಲ್ಲ. ಎಲ್ಲರೂ ಸುಖವಾಗಿದ್ರು.

ಇನ್ನೊಂದು ವಿಷಯ. ಹೊತ್ತು ಪೂರ್ತಿ ಮುಳುಗಿದ್ಮೇಲೂ ಒಂಚೂರು ಬೆಳಕು ಉಳ್ಕೊಂಡಿರುತ್ತಲ್ಲ, ಎದ್ದು ಒಳಗೆ ಹೋಗೋಕೆ ಮುಂಚೆ ಇನ್ನೊಂದು ಮಾತು ಆಡೋವಷ್ಟು? ಅದು ಲಕ್ಕಪ್ಪನ ವಾಚು ದಿನಾ ನಮಗೆ ಕೊಡೋ ಕೊಸರು. ಅದನ್ನ ನೋಡಿದಾಗ ಒಂದ್ಸಲ ಕೈ ಮುಗೀರಿ, ಆಮೇಲೆ ಒಳಗೆ ಹೋಗಿ.