ಎರಡನೇ ಪುಟದಲ್ಲಿ ಅಪ್ಪನ ಹೆಸರು

“ಇದನ್ನು ಹಾಕಲಿಕ್ಕೆ ನಿಮಗೆ ಯಾರು ಹೇಳಿದ್ದು?”

ಮೋಕ್ಷಿತಾ ಅಷ್ಟು ಜೋರಾಗಿ ಮಾತಾಡಿ ವರ್ಷಗಳೇ ಆಗಿದ್ದವು. ಬಂದ್ಯೋಡಿನ ಆ ಸಣ್ಣ ಪ್ರಿಂಟಿಂಗ್ ಅಂಗಡಿಯಲ್ಲಿ ಅವಳ ದನಿ ಅವಳಿಗೇ ಬೇರೆ ಯಾರದ್ದೋ ಎನಿಸಿತು.

ಕಂಪ್ಯೂಟರಿನ ಮುಂದಿದ್ದ ವಿಜೇತ್ ಗಾಬರಿಯಿಂದ ಎದ್ದು ನಿಂತ. ಅವಳು ವಾಟ್ಸಾಪ್‌ನಲ್ಲಿ ಕಳಿಸಿದ ನೋಟ್‌ಬುಕ್ಕಿನ ಫೋಟೋಗಳನ್ನು ನೋಡಿ ಎರಡು ತಿಂಗಳು ಟೈಪ್ ಮಾಡಿದ್ದ. ಮುಖ ನೋಡುತ್ತಿರುವುದು ಮಾತ್ರ ಇದೇ ಮೊದಲು.

‘ಇಷ್ಟು ಮೆತ್ತಗೆ ಬರೆಯುವವಳ ಕಣ್ಣಲ್ಲಿ ಇಷ್ಟು ಬೆಂಕಿಯಾ!’

“ಎಂತ ಹಾಕಿದೆ ನಾನು?”

ಅವಳು ಪುಸ್ತಕದ ಎರಡನೇ ಪುಟ ತೆರೆದು ಹಿಡಿದಳು. ಮುಖಪುಟದಲ್ಲಿ ‘ಸ್ಪಂದನಾ’ ಎಂದಿತ್ತು. ಅವಳು ಅಡಗಿಕೊಳ್ಳಲು ಇಟ್ಟುಕೊಂಡ ಹೆಸರು ಅದು. ಒಳಗೆ... ‘ಲೇಖಕಿ: ಮೋಕ್ಷಿತಾ. ಎಣ್ಮಕಜೆಯ ಶ್ರೀ ಕೂಸಪ್ಪ ಮತ್ತು ಶ್ರೀಮತಿ ಪಂಕಜಾಕ್ಷಿಯವರ ಪುತ್ರಿ!’

“ಓ, ಅದಾ? ಹಿರಿಯರ ಹೆಸರಿಲ್ಲದಿದ್ರೆ ಹೇಗೆ? ಮೊನ್ನೆ ಒಂದು ಮದುವೆ ಕಾಗದದಲ್ಲಿ ಸೋದರಮಾವನ ಹೆಸರು ಬಿಟ್ಟುಹೋದದ್ದಕ್ಕೆ ನನಗೆ ಹೊಡೆಯಲಿಕ್ಕೇ ಬಂದಿದ್ರು ಮಾರಾಯ್ರೆ!”

“ಇದು ಮದುವೆ ಕಾಗದವಾ? ವಿಳಾಸಕ್ಕೆ ಅಂತ ನಾನು ರೇಷನ್ ಕಾರ್ಡಿನ ಫೋಟೋ ಕಳಿಸಿದ್ದು ಇದಕ್ಕಾ?”

“ಪ್ರೂಫ್ ಕಳಿಸಿದ್ದೆನಲ್ಲ...” ಅವನ ದನಿ ಇಳಿಯಿತು. “ನೀವು ಓಕೆ ಅಂದದ್ದು.”

ಹೌದು! ಮುಖಪುಟದ ಚಂದ ನೋಡಿಯೇ ಓಕೆ ಎಂದಿದ್ದಳು.

ಪ್ರಕಾಶಕರು ಯಾರೂ ಉತ್ತರ ಕೊಡದಿದ್ದಾಗ, ಬಟ್ಟೆ ಹೊಲಿದು ಉಳಿಸಿದ ಹಣದಲ್ಲಿ ತಾನೇ ಪುಸ್ತಕ ಮಾಡಲು ಹೊರಟವಳು ಅವಳು. ಯಾರ ಅಪ್ಪಣೆಯೂ ಬೇಡ ಎಂದು ಎಷ್ಟು ಹಿಗ್ಗಿದ್ದಳು! ಆದರೆ ‘ಒಮ್ಮೆ ಸರಿಯಾಗಿ ನೋಡು’ ಎನ್ನುವವರೂ ಇರಲಿಲ್ಲ.

ಪುಸ್ತಕದ ಕಥೆಯಲ್ಲಿದ್ದವನು ಅವಳ ಅಪ್ಪನೇ. ಹೆಂಡತಿ ಹಾಸಿಗೆ ಹಿಡಿದಾಗ ಒಂಬತ್ತನೇ ಕ್ಲಾಸಿನ ಮಗಳನ್ನು ಶಾಲೆ ಬಿಡಿಸಿದ, ಕಲ್ಲಿನಂಥ ಅಪ್ಪ. ಅದು ಅವರ ಕಣ್ಣಿಗೆ ಬಿದ್ದರೆ ಇನ್ನು ಬರೆಯುವ ಮಾತೇ ಇಲ್ಲ... ಅವರ ಮುಖ ನೋಡುವುದಾದರೂ ಹೇಗೆ?

“ಈ ಪುಟವನ್ನು ಎಲ್ಲದರಿಂದಲೂ ತೆಗೀರಿ. ನೂರು ಪ್ರತಿಗಳಿಂದಲೂ!”

ವಿಜೇತ್ ತಲೆ ತಗ್ಗಿಸಿದ. “ಒಂದು ಪ್ರತಿ... ನಿನ್ನೆ ನಿಮ್ಮ ಊರಿನ ಲೈಬ್ರರಿ, ಆ ವಾಯನಶಾಲೆಯವರು ನೋಟಿಸ್ ಮಾಡಿಸಲಿಕ್ಕೆ ಬಂದಿದ್ರು. ನಿಮ್ಮೂರಿನವರದ್ದೇ ಪುಸ್ತಕ ಅಂತ ಖುಷಿಯಲ್ಲಿ ಕೊಟ್ಟೆ.”

“ಅಯ್ಯೋ! ಅಪ್ಪ ದಿನಾ ಪೇಪರ್ ಓದುವುದು ಅಲ್ಲೇ!”

“ಬೈಕ್ ಉಂಟು, ಬನ್ನಿ.”

“ಬೇಡ!”

ಹೊರಡುತ್ತಿದ್ದ ಬಸ್ಸಿಗೆ ಓಡಿ ಹತ್ತಿದಳು. ಪ್ರತಿ ಸ್ಟಾಪಿನಲ್ಲೂ ಗಂಟೆ ನೋಡಿದಳು. ಹಿಂದಿನ ಗಾಜಿನಲ್ಲಿ ನೋಡಿದರೆ ಅವನ ಬೈಕು... ಬಸ್ಸಿನ ಹೊಗೆ ಕುಡಿಯುತ್ತಾ ಹಿಂದೆಯೇ ಬರುತ್ತಿತ್ತು.

‘ಯಾಕೆ ಬರುತ್ತಿದ್ದಾನೆ? ಹೋಗಲಿ, ತಿರುವಿನಲ್ಲಿ ಕಾಣದಾದಾಗ ನನಗೇಕೆ ಹೀಗಾಗಬೇಕು?’

ವಾಯನಶಾಲೆಯ ಬೆಂಚಿನಲ್ಲಿ ಕೂಸಪ್ಪ ಕೂತಿದ್ದರು. ಕೈಯಲ್ಲಿದ್ದದ್ದು ಪೇಪರಲ್ಲ. ಬೆರಳನ್ನು ಸಾಲಿನ ಕೆಳಗಿಟ್ಟು ನಿಧಾನಕ್ಕೆ ಓದುತ್ತಿದ್ದರು. ಕೊನೆಯ ಪುಟ!

ಮೋಕ್ಷಿತಾ ಬಾಗಿಲಲ್ಲೇ ನಿಂತಳು. ವಿಜೇತ್ ಅವಳನ್ನು ದಾಟಿ ಮುಂದೆ ಬಂದ. “ತಪ್ಪು ನನ್ನದು. ಇವರು ಹೇಳದೆ ನಾನೇ ಹೆಸರು ಹಾಕಿದ್ದು.”

‘ನನ್ನ ಪುಸ್ತಕಕ್ಕೆ ಬೈಗುಳ ತಿನ್ನಲು ಇವನು ನಿಂತಿದ್ದಾನಲ್ಲ...’

“ಅಲ್ಲ ಅಪ್ಪ. ನೋಡದೆ ಒಪ್ಪಿದ್ದು ನಾನು. ಬರೆದದ್ದೂ ನಾನೇ.”

ಕೂಸಪ್ಪ ಕನ್ನಡಕ ತೆಗೆದರು. “ಇದರಲ್ಲಿ ಒಂದು ತಪ್ಪುಂಟು.”

ಪುಟ ಹಿಂದಕ್ಕೆ ಮಗುಚಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಶಾಲೆ ಬಿಡಿಸಿದ ದಿವಸ ಅಪ್ಪನ ಕಣ್ಣಲ್ಲಿ ನೀರೇ ಬರಲಿಲ್ಲ ಅಂತ ಬರ್ದಿದ್ದಿ. ಬಂದಿತ್ತು ಮಗಾ... ಗೇರುತೋಟದ ಆಚೆ ಹೋಗಿ ಕೂತಿದ್ದೆ. ನೀನು ನೋಡಲಿಲ್ಲ.”

“ಅಪ್ಪಾ...”

“ಇನ್ನೊಮ್ಮೆ ಪ್ರಿಂಟ್ ಮಾಡುವಾಗ ಅದನ್ನೂ ಸೇರಿಸು. ನಿನ್ನ ಪುಸ್ತಕ ಅಲ್ವಾ? ಬೇಡ ಅನ್ನುವವರು ಯಾರು?” ಕಣ್ಣೊರೆಸಿಕೊಂಡು ವಿಜೇತ್‌ನ ಕಡೆ ತಿರುಗಿದರು. “ಇವ ಯಾರು?”

“ಪ್ರಿಂಟ್ ಮಾಡಿದವರು.”

“ಪ್ರಿಂಟ್ ಮಾಡಿದವರು ಹೀಗೆ ಊರಿನ ತನಕ ಬರ್ತಾರಾ?”

ಅವರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಯ ಕಡೆ ನಡೆದರು. ವಿಜೇತ್‌ನ ಕಿವಿ ಕೆಂಪಾಗಿತ್ತು.

“ನಾನು ಟೈಪ್ ಮಾಡಿದ್ದನ್ನು ಯಾವತ್ತೂ ಓದುವವನಲ್ಲ,” ಎಂದ. “ಕೈಯಷ್ಟೇ ಓಡುವುದು. ನಿಮ್ಮದನ್ನು ಮಾತ್ರ... ಮುಗಿದುಹೋಗ್ತದೆ ಅಂತ ದಿನಕ್ಕೆ ಎರಡೇ ಪುಟ ಮಾಡ್ತಿದ್ದೆ. ಇನ್ನೊಮ್ಮೆ ಫೋಟೋ ಕಳಿಸಬೇಡಿ. ನೀವೇ ಎದುರು ಕೂತು ಓದಿ ಹೇಳಿ.”

“ನನಗೆ ನಾಚಿಕೆ ಆಗ್ತದೆ.”

“ನನಗೆ ಮನಸ್ಸಾಗಿದೆ... ನಿಮ್ಮ ಮೇಲೆ. ಎಂತ ಮಾಡುವುದು ಹೇಳಿ?”

ಅವಳು ನೆಲ ನೋಡಿದಳು.

“ಆದಿತ್ಯವಾರ ಬರ್ತೇನೆ.”

“ಆದಿತ್ಯವಾರ ಬಂದ್ಯೋಡಿನಲ್ಲಿ ನನ್ನ ಅಂಗಡಿ ಬಂದ್ ಅಲ್ವಾ?”

“ಗೊತ್ತುಂಟು,” ಎಂದಳು ಮೋಕ್ಷಿತಾ, ಈ ಸಲ ತಲೆಯೆತ್ತಿ. “ಅದಕ್ಕೇ!”